ಭಾನುವಾರದ ಮಾತುಕತೆ: ಕಡಲ ಮೇಲಿನ ರಂಗಮಂದಿರ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5 ಗಂಟೆಗೆ ಕಣ್ವತೀರ್ಥದ ಕಡಲ ಬದಿಯಲ್ಲಿ ಸೇರೋಣ. ಈ ಸಲದ ವಿಷಯ ಇಂಗ್ಲೆಂಡಿನ ಬ್ರೈಟನ್ ಊರಿನ ವೆಸ್ಟ್ ಪಿಯರ್.

ಪಿಯರ್ ಅಂದರೆ ದಡದಿಂದ ಕಡಲೊಳಗೆ ಕಬ್ಬಿಣದ ಕಂಬಗಳ ಮೇಲೆ ಚಾಚಿದ ಉದ್ದನೆಯ ಅಟ್ಟ. ಯುಜೀನಿಯಸ್ ಬರ್ಚ್ ಎಂಬ ಎಂಜಿನಿಯರ್ ಇದರ ವಿನ್ಯಾಸ ಮಾಡಿದ್ದು. 1866ರಲ್ಲಿ ತೆರೆಯಿತು. ಆಗ ಜನ ಬರುತ್ತಿದ್ದದ್ದು ಸುಮ್ನೆ ಗಾಳಿ ಸೇವನೆಗೆ. ಆಮೇಲೆ ನಾಟಕ ಬಂತು, 1916ರಲ್ಲಿ ಸಂಗೀತದ ಸಭಾಂಗಣವೂ ಬಂತು. ಕೆಳಗೆ ಅಲೆ, ಮೇಲೆ ವಾದ್ಯ! ಕಡಲ ಸದ್ದಿನ ನಡುವೆ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದ ನಮಗೆ ಆ ಸುಖ ಗೊತ್ತು, ಅಲ್ವಾ?

ಕಬ್ಬಿಣಕ್ಕೆ ಉಪ್ಪುಗಾಳಿ ಆಗಿಬರುವುದಿಲ್ಲ. ದುರಸ್ತಿಯ ಖರ್ಚು ಜಾಸ್ತಿಯಾಗಿ 1975ರಲ್ಲಿ ಬಾಗಿಲು ಮುಚ್ಚಿತು. 2002ರ ಕೊನೆಗೆ ಒಂದು ಭಾಗ ಕುಸಿಯಿತು. 2003ರಲ್ಲಿ ಎರಡು ಸಲ ಬೆಂಕಿ ಬಿತ್ತು. ಈಗ ನೀರಿನ ನಡುವೆ ಬರೀ ಅಸ್ಥಿಪಂಜರ. ಚಳಿಗಾಲದ ಸಂಜೆ ಅದರ ಮೇಲೆ ಸಾವಿರಾರು ಹಕ್ಕಿಗಳು ಗುಂಪಾಗಿ ಸುಳಿಯುತ್ತವೆ. ಆ ಚಿತ್ರ ನೋಡಿದಾಗೆಲ್ಲ ನನಗೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ನಮ್ಮ ಕರಾವಳಿಯ ಡೇರೆ ಮೇಳ, ಟೆಂಟ್ ಸಿನಿಮಾಗಳ ಹಳೆಯ ಫೋಟೊ, ಟಿಕೆಟು, ಕರಪತ್ರ ಮನೆಯಲ್ಲಿದ್ದರೆ ತನ್ನಿ. ಅಲ್ಲೇ ಮೊಬೈಲಿನಲ್ಲಿ ಫೋಟೊ ತೆಗೆದು ವಾಪಸ್ ಕೊಡುತ್ತೇವೆ. ಹಿರಿಯರನ್ನು ಕರೆತರಲು ವಾಹನ ಬೇಕಿದ್ದರೆ ಶನಿವಾರದೊಳಗೆ ಇಲ್ಲೇ ತಿಳಿಸಿ.