ನಾದಿನಿಗೆ ಜಾಸ್ತಿ, ಉಳಿದವರಿಗೂ ಥ್ಯಾಂಕ್ಸ್

ಈ ಸಲದ ಎಕ್ಸ್‌ರೇಯಲ್ಲಿ ಮಗಳ ಬೆನ್ನುಮೂಳೆಯಲ್ಲಿ ಹೊಸ ಮುರಿತ ಕಾಣಲಿಲ್ಲ. ಕುಸಿದು ಚಪ್ಪಟೆಯಾಗಿದ್ದ ಮೂಳೆಗಳು ಮತ್ತೆ ಎತ್ತರವಾಗುತ್ತಿವೆ. ಬೆಳೆಯುವ ವಯಸ್ಸಾದ್ದರಿಂದ ಹೀಗಾಗುತ್ತದಂತೆ. ಈಜಬಹುದು ಎಂದಿದ್ದಾರೆ, ಜಿಗಿಯುವುದು ಸದ್ಯಕ್ಕೆ ಬೇಡ. ಹಿಂದಿನ ಕಥೆ ಗೊತ್ತಿಲ್ಲದವರಿಗೆ ಒಂದೇ ಮಾತು: ಬೀಳದೆಯೇ ಅವಳ ಮೂಳೆ ಮುರಿದಿತ್ತು, ಕಾರಣವೇ ತಿಳಿಯದೆ ಮಕ್ಕಳ ಮೂಳೆ ದುರ್ಬಲವಾಗುವ ಕಾಯಿಲೆ ಇದು (ಇಡಿಯೋಪಥಿಕ್ ಜುವೆನೈಲ್ ಆಸ್ಟಿಯೋಪೊರೋಸಿಸ್).

ಫಿಸಿಯೋಥೆರಪಿಸ್ಟ್‌ಗೆ, ಮನೆಗೇ ಬಂದು ಪಾಠ ಹೇಳಿದ ಟೀಚರಿಗೆ, ಅವಳ ಬ್ಯಾಗ್ ಹೊತ್ತ ಗೆಳತಿಯರಿಗೆ ಥ್ಯಾಂಕ್ಸ್. ರಕ್ತದ ಕ್ಯಾನ್ಸರ್, ಹುಟ್ಟಿನಿಂದಲೇ ಬರುವ ಮೂಳೆ ಕಾಯಿಲೆ, ಥೈರಾಯ್ಡ್, ಕರುಳಿನ ತೊಂದರೆ ಎಲ್ಲ ಹುಡುಕಿ, ಯಾವುದೂ ಅಲ್ಲ ಎಂದಾದ ಮೇಲೆ ಡಾಕ್ಟರು ಹೇಳಿದ್ದು ಇಷ್ಟೇ: "1965ರಲ್ಲೇ ವಿವರವಾಗಿ ಬರೆದಿಟ್ಟಿರುವ ಕಾಯಿಲೆ. ಇವಳಿಗೆ ಯಾಕೆ ಬಂತು ಅಂತ ನಮಗೂ ಗೊತ್ತಾಗಿಲ್ಲಮ್ಮ." ಸುಮ್ನೆ ಏನೋ ಒಂದು ಹೇಳಿ ಕಳಿಸಬಹುದಿತ್ತು, ಅಲ್ವಾ? ಅವರಿಗೂ ಥ್ಯಾಂಕ್ಸ್.

ಇನ್ನು ನನ್ನ ನಾದಿನಿ.

ಮೂಳೆ ಸವೆಯುವುದನ್ನು ತಡೆಯುವ ಪ್ಯಾಮಿಡ್ರೊನೇಟ್ ಔಷಧಿಯ ಡ್ರಿಪ್ ಮೊದಲ ಸಲ ಹಾಕಿದಾಗ ಜ್ವರ, ಮೈಕೈ ನೋವು ಬರಬಹುದು ಎಂದು ಮೊದಲೇ ಹೇಳಿದ್ದರು. ಗೊತ್ತಿದ್ದರೇನು, ಮಗು ನರಳುವಾಗ ಯಾವುದೂ ತಲೆಗೆ ಹೋಗುವುದಿಲ್ಲ. ಆಫೀಸಿನಿಂದ ನೇರವಾಗಿ ಬಂದ ನಾದಿನಿ ಆ ರಾತ್ರಿ ಕುರ್ಚಿಗೆ ಬೆನ್ನು ಕೊಡಲಿಲ್ಲ. ಮಗಳ ಹೆಗಲಿನಿಂದ ಸೊಂಟದ ತನಕ ಅಡಿಯಲ್ಲಿ ಮಡಿಸಿದ ಬೆಡ್‌ಶೀಟ್. ಅದರ ಅಂಚು ಹಿಡಿದು ಹೆಗಲು, ಸೊಂಟ ಎರಡನ್ನೂ ಒಟ್ಟಿಗೇ ಹೊರಳಿಸಬೇಕು, ಬೆನ್ನು ತಿರುಚಬಾರದು. ನರ್ಸ್ ಮಾಡುವುದನ್ನು ಒಂದೇ ಸಲ ನೋಡಿ ಕಲಿತಿದ್ದಳು. ಹೆಗಲಿನ ಕಡೆ ಅವಳು, ಸೊಂಟದ ಕಡೆ ನಾನು. "ಅತ್ತಿಗೆ, ಒಂದು, ಎರಡು, ಮೂರು." ನನ್ನ ಕೈ ನಡುಗಲು ಶುರುವಾದಾಗ, "ಹೊರಗೆ ಹೋಗಿ ಅತ್ತು ಬನ್ನಿ ಅತ್ತಿಗೆ, ನಾನಿದ್ದೀನಿ" ಎಂದಳು. ಹೋಗಿ ಅತ್ತೆ.

ಅಷ್ಟು ಹೊತ್ತಿಗೆ ಎಷ್ಟೋ ಜನ ಕೇಳಿಯಾಗಿತ್ತು: "ಮಗುಗೆ ಹಾಲು ಕೊಡ್ತಿರ್ಲಿಲ್ವಾ?" ಒಂದು ಕಡೆಯಂತೂ ನನ್ನನ್ನು ಹೊರಗೆ ಕೂರಿಸಿ, "ಮನೇಲಿ ಯಾರಾದ್ರೂ ಹೊಡೀತಾರಾ?" ಎಂದು ಮಗಳನ್ನು ಕೇಳಿದರು. ಬೀಳದೆಯೇ ಮೂಳೆ ಮುರಿದ ಮಗು ಬಂದರೆ ಕೇಳಲೇಬೇಕು, ಅದು ಅವರ ಕೆಲಸ. ಆದರೂ ಇವತ್ತಿಗೂ ಉರಿಯುತ್ತದೆ. ನಾದಿನಿ ಮಾತ್ರ ಯಾಕೆ, ಹೇಗೆ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದು ಒಂದೇ, "ಈಗ ಯಾವ ಕಡೆ ತಿರುಗಿಸೋಣ?"

ಡ್ರಿಪ್ ಇನ್ನೂ ನಡೆಯುತ್ತದೆ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಝೆಡ್ ಸ್ಕೋರ್ (ಅದೇ ವಯಸ್ಸಿನ ಮಕ್ಕಳ ಸರಾಸರಿಗೆ ಹೋಲಿಸಿ ಕೊಡುವ ಅಂಕ) ಏರಿದೆ, ಆದರೂ ಮೈನಸ್ 2ಕ್ಕಿಂತ ಕೆಳಗೇ ಇದೆ, ಅಂದರೆ ಇನ್ನೂ ಕಡಿಮೆಯೇ. ದೊಡ್ಡವಳಾಗುವ ಹೊತ್ತಿಗೆ ಬಹಳ ಮಕ್ಕಳಲ್ಲಿ ಇದು ತಾನಾಗಿಯೇ ಹತೋಟಿಗೆ ಬರುತ್ತದಂತೆ, ಕಾಯುತ್ತಿದ್ದೇವೆ. ಮಗಳು ಸಿಕ್ಕರೆ ಈಜಿನ ಬಗ್ಗೆ ಕೇಳಿ, ಬಾಯ್ತುಂಬ ಹೊಗಳಿ. ಬೆನ್ನು ಮಾತ್ರ ತಟ್ಟಬೇಡಿ.