ಚಾಲಕರ ರಕ್ತದ ಸ್ಯಾಂಪಲ್: ಡ್ಯೂಟಿಯಲ್ಲಿ ಇರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕ್ಯಾಶುಯಾಲಿಟಿ ಮತ್ತು ಲ್ಯಾಬ್ ಸಿಬ್ಬಂದಿ ದಯವಿಟ್ಟು ಪೂರ್ತಿ ಓದಿ. ಕುಡಿದು ಗಾಡಿ ಓಡಿಸಿದ ಅನುಮಾನದ ಮೇಲೆ ಪೊಲೀಸರು ಕರೆತರುವ ಚಾಲಕರ ವಿಷಯ. ಇವತ್ತಿನ ರಾತ್ರಿ ಪಾಳಿಯಿಂದಲೇ ಹೀಗೆ ಮಾಡಿ.

ಸೂಜಿ ಚುಚ್ಚುವ ಜಾಗಕ್ಕೆ ಸ್ಪಿರಿಟ್ ಹತ್ತಿ ಬೇಡವೇ ಬೇಡ. ಅಭ್ಯಾಸಬಲದಿಂದ ಕೈ ಅಲ್ಲಿಗೇ ಹೋಗುತ್ತದೆ, ಗೊತ್ತು. ಆದರೆ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ ಬರೀ 30 ಮಿ.ಗ್ರಾಂ. ಹತ್ತಿಯಲ್ಲಿ ಇದ್ದದ್ದೂ ಆಲ್ಕೋಹಾಲೇ ಅಲ್ವಾ ಅಂತ ಕೋರ್ಟಿನಲ್ಲಿ ಕೇಳಿದರೆ ಉತ್ತರ ಇರಬೇಕು. ಸಲೈನ್‌ನಲ್ಲಿ ಒರೆಸಿ, ಒಣಗಲು ಬಿಡಿ.

ಟ್ಯೂಬ್ ಬೂದು ಮುಚ್ಚಳದ್ದು, ಶುಗರ್ ಟೆಸ್ಟಿಗೆ ಬಳಸುತ್ತೀವಲ್ಲ, ಅದೇ. ಅದರೊಳಗಿನ ಸೋಡಿಯಂ ಫ್ಲೋರೈಡ್ ರಕ್ತ ಕೆಡದಂತೆ, ಸೂಕ್ಷ್ಮಾಣುಗಳು ಅಲ್ಲೇ ಆಲ್ಕೋಹಾಲ್ ತಯಾರಿಸದಂತೆ ತಡೆಯುತ್ತದೆ. ಗುರುತಿನ ಗೆರೆವರೆಗೂ ತುಂಬಿಸಿ, ಮೆಲ್ಲಗೆ ಎಂಟು-ಹತ್ತು ಸಲ ತಿರುವಿ. ಜೋರಾಗಿ ಕುಲುಕಬೇಡಿ.

ರಕ್ತ ತೆಗೆದ ಸಮಯವನ್ನು ಗಡಿಯಾರ ನೋಡಿಯೇ ಬರೆಯಿರಿ. ದೇಹ ಗಂಟೆಗೆ 100 ಮಿ.ಲೀ. ರಕ್ತದಲ್ಲಿ ಸುಮಾರು 15 ಮಿ.ಗ್ರಾಂ. ಆಲ್ಕೋಹಾಲ್ ಇಳಿಸುತ್ತದೆ. ಎರಡು ಗಂಟೆ ಕಾಯಿಸಿದರೆ ಮಿತಿಯಷ್ಟೇ ಕರಗಿಹೋಗುತ್ತದೆ! ಹಾಗಾಗಿ ಸುಮ್ನೆ ಕೂರಿಸಬೇಡಿ.

ಗಾಂಜಾ ಅಥವಾ ಮಾತ್ರೆ ಅನುಮಾನ ಅಂತ ಪೊಲೀಸರ ಪತ್ರದಲ್ಲಿದ್ದರೆ ಮೂತ್ರದ ಬಗ್ಗೆಯೂ ಡ್ಯೂಟಿ ಡಾಕ್ಟರನ್ನು ಕೇಳಿ. ಲೇಬಲ್, ಅರಗಿನ ಸೀಲು, ಸಹಿ ಆದ ಮೇಲೆ ಫ್ರಿಜ್. ಪೊಲೀಸರಿಗೆ ಕೊಡುವಾಗ ರಿಜಿಸ್ಟರಿನಲ್ಲಿ ಸಹಿ ಪಡೆಯಿರಿ.

ಶನಿವಾರ ಮಧ್ಯಾಹ್ನ 3ಕ್ಕೆ ಲ್ಯಾಬ್‌ನಲ್ಲಿ ಒಮ್ಮೆ ಮಾಡಿ ತೋರಿಸುತ್ತೇನೆ. ಬರುವವರು ಹೆಸರು ಹಾಕಿ. ಬೂದು ಟ್ಯೂಬ್ ಎಷ್ಟು ಉಳಿದಿವೆ ಅಂತ ಸ್ಟೋರ್‌ನವರು ಇವತ್ತೇ ತಿಳಿಸಿ.