ಇಜಿಆರ್ ಬಂದ್ ಮಾಡಿಸಿದ ಕಾರಿಗೂ ಎಮಿಷನ್ ಪಾಸ್

ಮಾನ್ಯ ಸಂಪಾದಕರೇ,

ನಮ್ಮೂರಲ್ಲಿ ಡೀಸೆಲ್ ಕಾರ್ ಇಟ್ಕೊಂಡೋರು ಗ್ಯಾರೇಜಿಗೆ ಹೋಗಿ ಪಿಕಪ್ ಇಲ್ಲ, ಮೈಲೇಜ್ ಬಿದ್ದೋಗಿದೆ ಅಂದ್ರೆ ಸಾಕು, ಇಜಿಆರ್ ಬಂದ್ ಮಾಡ್ಸಿಬಿಡಿ ಸಾರ್ ಅಂತಾರೆ ಮೆಕ್ಯಾನಿಕ್‌ಗಳು. ವಾಲ್ವ್ ಬಿಚ್ಚಿ, ಪ್ಯಾಕಿಂಗ್ ಜಾಗದಲ್ಲಿ ತೂತಿಲ್ಲದ ತಗಡು ಕೂರಿಸಿ ಬೋಲ್ಟ್ ಟೈಟ್ ಮಾಡಿದ್ರೆ ಮುಗೀತು, ಚೆಕ್ ಇಂಜಿನ್ ಲೈಟ್ ಹತ್ಕೊಂಡ್ರೆ ಲ್ಯಾಪ್‌ಟಾಪ್ ಹಾಕಿ ಅದನ್ನೂ ಆರಿಸಿ ಕೊಡ್ತಾರೆ.

ಇಜಿಆರ್ ಅಂದ್ರೆ ಸೈಲೆನ್ಸರ್ ಕಡೆ ಹೋಗೋ ಹೊಗೇಲಿ ಸ್ವಲ್ಪ ಭಾಗಾನ ವಾಪಸ್ ಇಂಜಿನ್ ಒಳಗೇ ಬಿಡೋದು. ಅದರಿಂದ ಸಿಲಿಂಡರ್ ಒಳಗಿನ ಶಾಖ ಇಳಿಯುತ್ತೆ, ನೈಟ್ರೋಜನ್ ಆಕ್ಸೈಡ್ ಅನ್ನೋ ವಿಷಗಾಳಿ ಕಮ್ಮಿ ಆಗುತ್ತೆ. ಹೊಗೇನೇ ತಿರುಗಿ ತಿನ್ಸಿದ್ರೆ ಮೈಲೇಜ್ ಹಾಳಾಗದೆ ಇನ್ನೇನು ಅಂತ ಅನ್ಸೋದು ಸಹಜ, ಆದ್ರೆ ಪೆಟ್ರೋಲ್ ಇಂಜಿನ್ನಲ್ಲಿ ಆಗೋದು ಉಲ್ಟಾ. ಹೈವೇಲಿ ಆರಾಮಾಗಿ 60-70ರಲ್ಲಿ ಹೋಗ್ತಿರುವಾಗ ಥ್ರಾಟಲ್, ಅಂದ್ರೆ ಇಂಜಿನ್ನಿಗೆ ಗಾಳಿ ಬಿಡೋ ಬಾಗಿಲು, ಹೆಚ್ಚುಕಮ್ಮಿ ಮುಚ್ಕೊಂಡೇ ಇರುತ್ತೆ, ಆ ಸಣ್ಣ ಸಂದಿಂದ ಗಾಳಿ ಎಳೆಯೋಕೇ ಒಂದಿಷ್ಟು ಪೆಟ್ರೋಲ್ ದಂಡ. ಇಜಿಆರ್ ಹೊಗೆ ಬಂದು ಜಾಗ ತುಂಬಿದ್ರೆ ಅಷ್ಟೇ ಪವರಿಗೆ ಥ್ರಾಟಲ್ ಇನ್ನೂ ತೆಗೀಬೇಕಾಗುತ್ತೆ, ಎಳೆಯೋ ಕಷ್ಟ ಕಮ್ಮಿ, ನಾಕಿಂಗೂ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಹೊತ್ಕೊಂಡು ಇಂಜಿನ್ ಕಟಕಟ ಅನ್ನೋದು) ಕಮ್ಮಿ. 2009ರ ಟೊಯೋಟಾ ಪ್ರಿಯಸ್‌ನಲ್ಲಿ ಹೊಗೇನ ತಣ್ಣಗೆ ಮಾಡಿ ಒಳಗೆ ಬಿಡೋ ಇಜಿಆರ್ ಹಾಕಿದ್ದು ಮೈಲೇಜಿಗೋಸ್ಕರಾನೇ.

ಡೀಸೆಲ್ಲಲ್ಲಿ ಈ ಲಾಭ ಇಲ್ಲ ನಿಜ. ಅಲ್ಲಿ ಗಾಳಿ ತಡೆದು ಪವರ್ ಕಂಟ್ರೋಲ್ ಮಾಡಲ್ಲ, ಮಸಿ ಬೇರೆ ಜಾಸ್ತಿ ಆಗುತ್ತೆ, ಬಿಎಸ್6 (ಈಗಿನ ಎಮಿಷನ್ ನಿಯಮ) ಗಾಡೀಲಿ ಆ ಮಸಿ ಡಿಪಿಎಫ್ ಅನ್ನೋ ಮಸಿ ಹಿಡಿಯೋ ಫಿಲ್ಟರಲ್ಲಿ ತುಂಬಿದಾಗ ಸುಡೋಕೆ ಇನ್ನೊಂದಿಷ್ಟು ಡೀಸೆಲ್. ಆದ್ರೂ ಬಂದ್ ಮಾಡ್ಸಿದ್ಮೇಲೆ ಗಾಡಿ ಹಾರ್ತಿದೆ ಅನ್ನೋರ ವಾಲ್ವ್ ಬಿಚ್ಚಿದಾಗ ನೋಡ್ಬೇಕು ನೀವು, ಆಯಿಲ್ ಆವಿ ಜೊತೆ ಸೇರಿದ ಮಸಿ ಡಾಂಬರಿನ ಹಾಗೆ ಮೆತ್ಕೊಂಡು ವಾಲ್ವ್ ಅರ್ಧ ತೆರ್ಕೊಂಡೇ ಸಿಕ್ಕಾಕ್ಕೊಂಡಿರುತ್ತೆ. ಫುಲ್ ಆಕ್ಸಿಲರೇಟರ್ ಕೊಟ್ಟಾಗ ಮುಚ್ಕೋಬೇಕಾದ್ದು ಹೊಗೆ ಬಿಡ್ತಾನೇ ಇದ್ರೆ ಪಿಕಪ್ ಎಲ್ಲಿಂದ ಬರ್ಬೇಕು? ಸಿಲಿಂಡರಿಗೆ ಗಾಳಿ ಹಂಚೋ ಮ್ಯಾನಿಫೋಲ್ಡೂ ಸೇರಿಸಿ ನೀಟಾಗಿ ಕ್ಲೀನ್ ಮಾಡ್ಸಿದ್ರೂ ಆ ಪಿಕಪ್ ವಾಪಸ್ ಬರುತ್ತೆ, ತಗಡು ಬೇಕಿಲ್ಲ.

ಗ್ಯಾರೇಜಿನವರು ಬಿಡಿ, ಗಿರಾಕಿ ಖುಷಿಯಾದ್ರೆ ಸಾಕು ಅವರಿಗೆ. ಎಮಿಷನ್ ಟೆಸ್ಟ್ ಕತೆ ಕೇಳಿ. ಡೀಸೆಲ್ ಗಾಡಿಗೆ ಅಲ್ಲಿ ನೋಡೋದು ಹೊಗೆ ಎಷ್ಟು ದಟ್ಟ ಅಂತ ಮಾತ್ರ, ನೈಟ್ರೋಜನ್ ಆಕ್ಸೈಡ್ ಅಳೆಯೋದೇ ಇಲ್ಲ, ಇಜಿಆರ್ ಮುಚ್ಚಿದ್ರೆ ಮಸಿ ಹೆಚ್ಚೋದೂ ಇಲ್ಲ, ಹಾಗಾಗಿ ತಗಡು ಬಡಿದ ಗಾಡಿ ಆರಾಮಾಗಿ ಪಾಸ್! ಹಳೇ ಬಿಎಸ್4 ನಿಯಮದಲ್ಲಿ ಡೀಸೆಲ್ ಕಾರಿಗೆ ಕಿ.ಮೀ.ಗೆ 0.25 ಗ್ರಾಂ ಇದ್ದ ನೈಟ್ರೋಜನ್ ಆಕ್ಸೈಡ್ ಮಿತೀನ 2020ರ ಏಪ್ರಿಲ್ 1ರಿಂದ ಬಿಎಸ್6ರಲ್ಲಿ 0.08ಕ್ಕೆ ಇಳಿಸಿದ್ರು, ಕಾರಿನ ರೇಟೂ ಏರ್ತು, ಆಮೇಲೆ ರೋಡಿಗೆ ಬಂದ ಗಾಡೀನ ಕೇಳೋರೇ ಇಲ್ಲ. ಕಂಪನಿ ಕೊಟ್ಟಿದ್ದನ್ನ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಬೈಕಿನ ಸೈಲೆನ್ಸರ್ ಹಿಡಿಯೋವಾಗ ಮಾತ್ರ ಅದು ನೆನಪಾಗುತ್ತೆ. ಸಾರಿಗೆ ಇಲಾಖೆಯವರು ಎಫ್‌ಸಿಗೆ ಬರೋ ಟ್ಯಾಕ್ಸಿಗಳಲ್ಲಾದ್ರೂ ಬಾನೆಟ್ ಎತ್ತಿ, ಸ್ಕ್ಯಾನರ್ ಹಾಕಿ, ಇಜಿಆರ್ ಕೆಲಸ ಮಾಡ್ತಿದ್ಯಾ ಅಂತ ನೋಡೋಕೆ ಶುರು ಮಾಡ್ಲಿ.

ಇಂತಿ,
ಡೀಸೆಲ್ ಕಾರಿನ ಒಬ್ಬ ಮಾಲೀಕ, ದಾವಣಗೆರೆ